ಕಾರವಾರದ ಕಡಲಂಚಿನಲ್ಲಿ ಯುದ್ಧ, ಪ್ರೇಮ, ಬೇಹುಗಾರಿಕೆ: ಐತಿಹಾಸಿಕ ಕಾದಂಬರಿ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಯುದ್ಧಕಾಲದ ಪ್ರೇಮಕಥೆಗೆ ಬೇಹುಗಾರಿಕೆಯನ್ನು ಹೆಣೆಯಲು ಹೊರಟ ಕನ್ನಡದ ಬರಹಗಾರರು ಲಂಡನ್ ಕಡೆಗೋ ಬರ್ಲಿನ್ ಕಡೆಗೋ ನೋಡಬೇಕಾಗಿಲ್ಲ. 1961ರ ಡಿಸೆಂಬರ್‌ವರೆಗೂ ಕಾರವಾರದ ಉತ್ತರಕ್ಕೆ, ಮಾಜಾಳಿ ದಾಟಿದ ಕೂಡಲೇ ಪೋರ್ಚುಗೀಸರ ನೆಲವಿತ್ತು. ಬಿಣಗಾ, ಅರಗಾ ದಂಡೆಯಿಂದ ಬರಿಗಣ್ಣಿಗೆ ಕಾಣುವ ಅಂಜುದೀವ್ ದ್ವೀಪವೂ ಅವರದೇ. ಘಟ್ಟದ ಮೇಲೆ ಕ್ಯಾಸಲ್ ರಾಕ್ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸಿ ಸುಂಕದವರು ಪೆಟ್ಟಿಗೆ ತೆರೆಸುತ್ತಿದ್ದರು. ಎರಡು ಆಳ್ವಿಕೆ, ಎರಡು ನಾಣ್ಯ, ಎರಡು ಪೊಲೀಸು, ಆದರೆ ಗಡಿಯ ಎರಡೂ ಬದಿಗೆ ಅದೇ ಕೊಂಕಣಿ, ಅದೇ ಕುಲದೇವರು, ಅದೇ ನೆಂಟಸ್ತಿಕೆ. ಇಂಥ ಕಡೆ ಮದುವೆಯ ಮಾತುಕತೆಗೆ ಹೋದವರು ಸುದ್ದಿಯನ್ನೂ ಹೊತ್ತು ತರಬಲ್ಲರು. ಕಾದಂಬರಿ ನಿಲ್ಲುವುದು ಈ ಒಂದು ಸಾಧ್ಯತೆಯ ಮೇಲೆ. ಮುಂದಿನ ಹಂತಗಳೆಲ್ಲ ಅದನ್ನು ನಂಬುವಂತೆ ಮಾಡುವುದಕ್ಕಾಗಿ.

ಹಂತ 1: ಕಾಲವನ್ನು ಎಂಟು ವಾರಕ್ಕೆ ಕತ್ತರಿಸಿ

ಈ ಕರಾವಳಿಗೆ ಒಪ್ಪುವ ಯುದ್ಧಕಾಲ ಎರಡು.

ಮೊದಲನೆಯದು 1943. ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥ ದೇಶ. ಹೀಗಾಗಿ ಎರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಹಡಗುಗಳೂ ಅನ್ಫೋರಾ ಎಂಬ ಇಟಲಿಯ ಹಡಗೂ ಪೋರ್ಚುಗೀಸರ ಗೋವೆಯ ಮುರಗಾಂವ್ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಎರೆನ್‌ಫೆಲ್ಸ್‌ನಿಂದ ಗುಪ್ತ ರೇಡಿಯೊ ಸಂದೇಶ ಹೋಗುತ್ತಿದೆ ಎಂಬ ಕಾರಣಕ್ಕೆ ಬ್ರಿಟಿಷರ ಗುಪ್ತ ಕಾರ್ಯಾಚರಣೆಯ ಸಂಸ್ಥೆಯಾದ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್ 1943ರ ಮಾರ್ಚ್ 9ರ ರಾತ್ರಿ ದಾಳಿ ಮಾಡಿಸಿತು. ಸೈನಿಕರನ್ನು ನುಗ್ಗಿಸಿದರೆ ತಟಸ್ಥ ನೆಲದ ಮೇಲೆ ಆಕ್ರಮಣವಾದೀತೆಂದು ಕಲ್ಕತ್ತಾ ಲೈಟ್ ಹಾರ್ಸ್, ಕಲ್ಕತ್ತಾ ಸ್ಕಾಟಿಷ್ ಪಡೆಗಳ ಸ್ವಯಂಸೇವಕರನ್ನು, ಅಂದರೆ ದಿನವೂ ಕಂಪನಿ ಕಚೇರಿಗೆ ಹೋಗುತ್ತಿದ್ದ ಸಾಹೇಬರನ್ನು, ಕಳಿಸಿದರು. ಅವರು ಕೊಚ್ಚಿಯಲ್ಲಿ ಫೀಬಿ ಎಂಬ ಹೂಳು ಸಾಗಿಸುವ ಬಾರ್ಜ್ ಹತ್ತಿ ಉತ್ತರಕ್ಕೆ ಬಂದರು. ದಾಳಿ ಶುರುವಾಗುತ್ತಲೇ ಹಡಗಿನವರೇ ತಮ್ಮ ಹಡಗುಗಳಿಗೆ ಬೆಂಕಿಯಿಟ್ಟು ಮುಳುಗಿಸಿದರು. ಆಪರೇಷನ್ ಕ್ರೀಕ್ ಎಂಬ ಈ ಕಾರ್ಯಾಚರಣೆ ಹೊರಜಗತ್ತಿಗೆ ತಿಳಿದದ್ದು 1970ರ ದಶಕದಲ್ಲಿ.

ಎರಡನೆಯದು 1955ರಿಂದ 1961. ಭಾರತ ಗೋವೆಗೆ ದಿಗ್ಬಂಧನ ಹಾಕಿದ ಕಾಲ. 1955ರ ನವೆಂಬರ್‌ನಿಂದ ಗೋವಾ ವಿಮೋಚನೆಯ ಗುಪ್ತ ಬಾನುಲಿಯನ್ನು ಕಾಡಿನಿಂದ ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಮೊದಲು ಅಂಬೋಲಿ ಘಟ್ಟದಲ್ಲಿ, ಆಮೇಲೆ ನಮ್ಮ ಕ್ಯಾಸಲ್ ರಾಕ್ ಕಾಡಿನಲ್ಲಿ. ವಿಮೋಚನೆಯ ನಂತರ ಅವರಿಬ್ಬರೂ ಮದುವೆಯಾದರು. 1961ರ ನವೆಂಬರ್‌ನಲ್ಲಿ ಅಂಜುದೀವ್ ಬಳಿ ಸಾಗುತ್ತಿದ್ದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನಿಂದ ದ್ವೀಪಕ್ಕೆ ಇಳಿದ ತುಕಡಿಯಲ್ಲಿ 7 ನಾವಿಕರು ಪ್ರಾಣ ಕೊಟ್ಟರು.

ಮೊದಲ ಕಾದಂಬರಿಯಾದರೆ 1943 ಒಳ್ಳೆಯದು. 1961ನ್ನು ಕಣ್ಣಾರೆ ಕಂಡವರು ಕಾರವಾರ, ಸದಾಶಿವಗಡ, ಮಾಜಾಳಿಯಲ್ಲಿ ಇನ್ನೂ ಇದ್ದಾರೆ. ಅವರ ನೆನಪಿಗೆ ಅನ್ಯಾಯವಾಗದಂತೆ ಬರೆಯಲು ದೀರ್ಘ ಕ್ಷೇತ್ರಕಾರ್ಯ ಬೇಕು. ಯಾವುದನ್ನೇ ಆರಿಸಿ, ನಿಜವಾದ ವ್ಯಕ್ತಿಗಳನ್ನು ನಾಯಕ ನಾಯಕಿಯಾಗಿಸಬೇಡಿ. ಅವರು ದೂರದಲ್ಲಿ ಹಾದುಹೋಗಲಿ.

ಇಡೀ ಯುದ್ಧವನ್ನು ಹೇಳಹೊರಟರೆ ಪ್ರೇಮ ತೆಳುವಾಗುತ್ತದೆ. 1943ಕ್ಕೆ ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ಕೊನೆಯವರೆಗಿನ ಎಂಟು ವಾರ ಧಾರಾಳ ಸಾಕು. ಆ ಎಂಟು ವಾರದಲ್ಲಿ ಏನೇನಿದೆ ನೋಡಿ: ಫೆಬ್ರವರಿ 8ರಂದು ಸುಭಾಷರು ಜರ್ಮನಿಯ ಕೀಲ್‌ನಿಂದ ಜಲಾಂತರ್ಗಾಮಿ ಏರಿದರು. ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿಯ 21 ದಿನಗಳ ಉಪವಾಸ. ಮಾರ್ಚ್ 9ಕ್ಕೆ ದಾಳಿ. ಮಾರ್ಚ್ 21ರ ಸುಮಾರಿಗೆ ಹೋಳಿ ಹುಣ್ಣಿಮೆ, ಅದರ ಹಿಂದೆಮುಂದೆ ಹಾಲಕ್ಕಿಗಳ ಸುಗ್ಗಿ ಕುಣಿತ.

ಹಂತ 2: ಯಾರಿಗೆ ಏನು, ಎಂದು ಗೊತ್ತಾಯಿತು

ಒಂದು ದೊಡ್ಡ ಹಾಳೆಯಲ್ಲಿ ದಿನಕ್ಕೊಂದು ಸಾಲು, ಏಳು ಕಲಮು: ತಾರೀಖು ಮತ್ತು ವಾರ, ತಿಥಿ, ಭರತಿ ಇಳಿತದ ಹೊತ್ತು, ನಾಯಕಿ ಎಲ್ಲಿ, ನಾಯಕ ಎಲ್ಲಿ, ಯಾರಿಗೆ ಹೊಸದಾಗಿ ಏನು ತಿಳಿಯಿತು, ಓದುಗರಿಗೆ ಏನು ತಿಳಿದಿದೆ. ಕೊನೆಯ ಎರಡು ಕಲಮುಗಳಿಂದಲೇ ಕುತೂಹಲ ಹುಟ್ಟುತ್ತದೆ.

ಮೇಲಿನ ನಾಲ್ಕು ಘಟನೆಗಳನ್ನು ಈ ಪಟ್ಟಿಯಲ್ಲಿ ಇಟ್ಟು ನೋಡಿ. ಉಪವಾಸದ ಸುದ್ದಿ ಊರಿಗೆಲ್ಲ ಗೊತ್ತು. ಸುಭಾಷರು ಹೊರಟದ್ದು ಕರಾವಳಿಯಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ದಾಳಿಯಲ್ಲಿ ಬ್ರಿಟಿಷರ ಕೈವಾಡ ಯಾರಿಗೂ ಗೊತ್ತಿಲ್ಲ. ಮುರಗಾಂವಿನಲ್ಲಿ ಹಡಗು ಹೊತ್ತಿ ಉರಿದವು ಎಂಬಷ್ಟೇ ಮಾತು ದೋಣಿಯವರ ಬಾಯಲ್ಲಿ ಬಂದೀತು. ಇಂದು ನಮಗೆ ತಿಳಿದದ್ದನ್ನು ಪಾತ್ರದ ತಲೆಗೆ ತುಂಬುವುದು ಈ ಬಗೆಯ ಕಾದಂಬರಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ. ಕಾರವಾರದ ಪಾತ್ರವೊಂದು "ಆಪರೇಷನ್ ಕ್ರೀಕ್" ಎಂದು ಉಚ್ಚರಿಸಿದರೆ ಅಲ್ಲಿಗೆ ಕಥೆ ಸತ್ತಿತು.

ಗಡಿಯಾರದ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಬ್ರಿಟಿಷ್ ಇಂಡಿಯಾದ ಸಮಯವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಮಾರ್ಚ್‌ನಲ್ಲಿ ಕಾರವಾರದಲ್ಲಿ ಈಗ ಸಂಜೆ 6:40ರ ಸುಮಾರಿಗೆ ಸೂರ್ಯ ಮುಳುಗಿದರೆ, ಅಂದಿನ ಗಡಿಯಾರದಲ್ಲಿ ಅದು 7:40. 1943ರ ಮಾರ್ಚ್ 6ಕ್ಕೆ ಅಮಾವಾಸ್ಯೆ. 9ರ ಮಂಗಳವಾರ ಬಿದಿಗೆ ದಾಟಿದ ಎಳೆ ಚಂದ್ರ ಅಂದಿನ ಗಡಿಯಾರದಲ್ಲಿ ಹತ್ತರ ಆಸುಪಾಸಿಗೆ ಮುಳುಗಿರುತ್ತಾನೆ. ಆಮೇಲೆ ಕಗ್ಗತ್ತಲು. ಆ ದಿನ ಗೋವೆಯ ಕ್ರೈಸ್ತರಿಗೆ ಕಾರ್ನಿವಲ್ಲಿನ ಕೊನೆಯ ದಿನ, ಮರುದಿನ ವಿಭೂತಿ ಬುಧವಾರ. ಬಂದರಿನ ಊರು ಕುಣಿತದಲ್ಲಿದ್ದಾಗ ದಾಳಿ ನಡೆದದ್ದು ಕಾಕತಾಳೀಯವಲ್ಲ.

ಭರತಿಯ ಹೊತ್ತು ತೆಗೆಯುವ ಕ್ರಮ ಹೀಗೆ: ಬೈತಖೋಲದಲ್ಲೋ ತದಡಿಯಲ್ಲೋ ಹಳೆಯ ಮೀನುಗಾರರನ್ನು ಅಮಾವಾಸ್ಯೆಯ ದಿನ ಭರತಿ ಎಷ್ಟು ಗಂಟೆಗೆ ಎಂದು ಕೇಳಿ. ತಿಥಿ ಒಂದೇ ಆದರೆ ಹೊತ್ತೂ ಹೆಚ್ಚುಕಡಿಮೆ ಅದೇ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಕೂಡಿಸುತ್ತ ಹೋಗಿ, ಕೊನೆಗೆ ಯುದ್ಧಕಾಲದ ಒಂದು ಗಂಟೆ ಸೇರಿಸಿ. ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ತರುವುದಾದರೆ ಅದು ಎರಡು ವರ್ಷಕ್ಕೊಮ್ಮೆ ಎಂಬುದು ನೆನಪಿರಲಿ. ನಿಮ್ಮ ವರ್ಷದಲ್ಲಿ ನಡೆದಿತ್ತೇ ಎಂದು ಖಚಿತವಾದ ಮೇಲಷ್ಟೇ ತನ್ನಿ.

ಹಂತ 3: ದಾರಿ, ನೀರು, ಗಾಳಿ

ಕೊಂಕಣ ರೈಲು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಕಾಳಿ ಅಳಿವೆಗೆ ಸೇತುವೆ ಬಂದದ್ದು 1980ರ ದಶಕದಲ್ಲಿ. ಅಂದರೆ ನಿಮ್ಮ ನಾಯಕಿ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗಬೇಕಾದರೆ ತಾರಿಯೇ ಗತಿ. ತಾರಿಕಟ್ಟೆ ಎಂದರೆ ಬೇಹುಗಾರಿಕೆಗೆ ಹೇಳಿ ಮಾಡಿಸಿದ ಜಾಗ. ಎಲ್ಲರೂ ಕಾಯಲೇಬೇಕು, ಎಲ್ಲರ ಕೈಯಲ್ಲೂ ಗಂಟಿರುತ್ತದೆ, ಯಾರು ಯಾರ ಜೊತೆ ಮಾತಾಡಿದರೆಂದು ಅಂಬಿಗನಿಗೆ ಗೊತ್ತಿರುತ್ತದೆ. ಹಿಂಬಾಲಿಸುತ್ತಿರುವ ಪೊಲೀಸನೂ ಅದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಬೆನ್ನಟ್ಟುವ ದೃಶ್ಯ ಬರೆಯುವ ಬದಲು ಈ ಇಪ್ಪತ್ತು ನಿಮಿಷದ ಮೌನವನ್ನು ಬರೆಯಿರಿ.

ಶಿರಸಿಯಿಂದ ಕರಾವಳಿಗೆ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಉತ್ತರಕ್ಕೆ ಅಘನಾಶಿನಿ, ಗಂಗಾವಳಿ ಎರಡನ್ನೂ ದಾಟಬೇಕು. ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟ ಇಳಿದರೆ ನೇರ ಅಂಕೋಲೆ. ಯಾರು ಯಾವ ದಾರಿ ಹಿಡಿದರು ಎಂಬುದೇ ಒಂದು ಸುಳಿವಾಗಬಹುದು. ಪೆಟ್ರೋಲಿಗೆ ಪಡಿತರ, ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಏದುಸಿರು ಬಿಡುತ್ತ ಓಡುತ್ತಿದ್ದವು. ಘಟ್ಟದ ಏರಿನಲ್ಲಿ ಅಂಥ ಬಸ್ಸಿನಿಂದ ಪ್ರಯಾಣಿಕರು ಇಳಿದು ನಡೆಯುವುದು ಸಹಜ, ಗುಟ್ಟಿನ ಮಾತಿಗೂ ಅನುಕೂಲ.

ಸಮುದ್ರದಲ್ಲಿ ಕಾರವಾರದಿಂದ ಮುರಗಾಂವಿಗೆ ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ., ಎಂದರೆ 40 ನಾಟಿಕಲ್ ಮೈಲು. ಹಾಯಿಯ ಮಚವೆಗೆ 4 ನಾಟ್ ವೇಗ ಸಿಕ್ಕರೆ 10 ಗಂಟೆ. ಆದರೆ ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಮುಖಕ್ಕೇ ಹೊಡೆಯುತ್ತದೆ. ಬಲ್ಲ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ರಾತ್ರಿಯ ನೆಲಗಾಳಿಗೆ ಕಾದು, ನಸುಕಿಗೆ ಮುಂಚೆ ಹೊರಡುತ್ತಾನೆ. ಸಂಜೆ ಹೊರಟು ಎರಡು ತಾಸಿನಲ್ಲಿ ಗೋವೆ ಮುಟ್ಟಿಸಿದ ಕಥೆಯನ್ನು ಇಲ್ಲಿಯ ಓದುಗರು ನಂಬುವುದಿಲ್ಲ. ಮಳೆಗಾಲವಂತೂ ಬೇಡವೇ ಬೇಡ. ಜೂನ್‌ನಿಂದ ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರೆಗೆ ದೋಣಿಗಳೆಲ್ಲ ದಂಡೆಯ ಮೇಲೆ, ಮಡಲಿನ ಮರೆಯಲ್ಲಿ.

ಹಂತ 4: ಇಬ್ಬರು, ಮತ್ತು ಇಬ್ಬರ ನಡುವೆ ನಿಂತದ್ದು

ಇಬ್ಬರಿಗೂ ಅವರ ಕೆಲಸದಿಂದಲೇ ಗುಟ್ಟಿಗೆ ದಾರಿ ಸಿಗಬೇಕು. ಒಂದು ಮಾದರಿ: ಅವನು ಶಿರಸಿ ಕಡೆಯ ಹವ್ಯಕ, ಕಾರವಾರದ ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತ. ಮೋರ್ಸ್ ಅವನ ಬೆರಳಲ್ಲೇ ಇದೆ, ಅದಕ್ಕೆ ತರಬೇತಿಯ ಅಧ್ಯಾಯ ಬೇಕಿಲ್ಲ. ಅವಳು ಕೊಂಕಣಿ ಮನೆಯವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ, ಇಪ್ಪತ್ತೆರಡು ದಾಟಿದವಳು, ಅಕ್ಕನನ್ನು ಗೋವೆಯ ಕಾಣಕೋಣಕ್ಕೆ ಕೊಟ್ಟಿದೆ. ಅಕ್ಕನ ಮನೆಗೆ ಹೋಗಿಬರಲು ಯಾರ ಅಪ್ಪಣೆಯೂ ಬೇಡ. ಮೂರನೆಯವಳಾಗಿ ಮನೆಮನೆಗೆ ಬುಟ್ಟಿ ಹೊತ್ತು ಹೋಗುವ ಮೀನುಗಾರ ಹೆಂಗಸು ಇರಲಿ; ಊರಿನ ಎಲ್ಲ ಹಿತ್ತಿಲ ಬಾಗಿಲೂ ಅವಳಿಗೆ ತೆರೆದಿರುತ್ತದೆ.

ಈಗ ಎಲ್ಲಕ್ಕಿಂತ ಕಠಿಣ ಪ್ರಶ್ನೆ. 1943ರ ಫೆಬ್ರವರಿಯಲ್ಲಿ ಉತ್ತರ ಕನ್ನಡದ ಒಬ್ಬಾತ ಬ್ರಿಟಿಷರಿಗೆ ಸುದ್ದಿ ಕೊಡುವುದಾದರೂ ಯಾಕೆ? 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ಕುಟುಂಬಗಳು ಜಮೀನು ಕಳೆದುಕೊಂಡಿದ್ದವು. ಕ್ವಿಟ್ ಇಂಡಿಯಾ ಚಳವಳಿಯವರು ಹಿಂಡಲಗಾ ಜೈಲಿನಲ್ಲಿದ್ದರು, ಗಾಂಧೀಜಿ ಸಾವಿನ ಅಂಚಿನಲ್ಲಿದ್ದರು. ಅವಳ ಅಣ್ಣನೇ ಜೈಲಿನಲ್ಲಿರಲಿ. ನಮ್ಮ ತಂತಿ ಗುಮಾಸ್ತ ಹಡಗಿನ ಸುದ್ದಿಯನ್ನು ಬ್ರಿಟಿಷರಿಗೆ ಕೊಡುತ್ತಿರಲಿ, ಕಾರಣವೂ ಗಟ್ಟಿಯಾಗಿರಲಿ: ಟಾರ್ಪೆಡೊ ಬಿದ್ದ ಹಡಗಿನಲ್ಲಿ ಖಲಾಸಿಯಾಗಿದ್ದ ತನ್ನೂರಿನ ಗೆಳೆಯ ತೀರಿಹೋಗಿರಬಹುದು, ನಾಜಿಗಳು ಗೆದ್ದರೆ ಸ್ವಾತಂತ್ರ್ಯವೂ ಇಲ್ಲ ಎಂದು ಅವನು ನಂಬಿರಬಹುದು. ಅವಳಿಗೆ ಅದು ದ್ರೋಹ. ಇಬ್ಬರಲ್ಲಿ ಯಾರನ್ನೂ ದಡ್ಡರಾಗಿಸಬೇಡಿ. ಯಾರ ಪರ ನಿಲ್ಲಬೇಕೆಂದು ತೋಚದೆ ಓದುಗರು ತಳಮಳಿಸಬೇಕು. ಈ ಪ್ರಶ್ನೆಯನ್ನು ಜಾರಿಸಿದರೆ ಉಳಿಯುವುದು ವೇಷಭೂಷಣ ಮಾತ್ರ.

ಆಮೇಲೆ ಹನ್ನೆರಡು ಭೇಟಿಗಳ ಪಟ್ಟಿ ಮಾಡಿ. ಪ್ರತಿ ಭೇಟಿಗೂ ಮೂರು ಸಾಲು: ಊರಿಗೆ ಹೇಳಿದ ನೆಪ, ಕೈಬದಲಾದ ಸುದ್ದಿ, ಇಬ್ಬರ ನಡುವೆ ಕದಲಿದ್ದು. ಸುದ್ದಿಯನ್ನು ಕಿತ್ತರೂ ಭೇಟಿ ನಿಲ್ಲುತ್ತದೆಯೇ? ಪ್ರೇಮವನ್ನು ಕಿತ್ತರೂ ನಿಲ್ಲುತ್ತದೆಯೇ? ನಿಂತರೆ ಆ ಭೇಟಿಯನ್ನು ಮತ್ತೆ ಬರೆಯಿರಿ.

ಹಂತ 5: ಗುಟ್ಟಿನ ಬರಹ

ಓದುಗರು ತಾವೇ ಬಿಡಿಸಬಲ್ಲ ಒಂದು ಸಂಕೇತ ಕಥೆಯಲ್ಲಿರಲಿ. ಹೊರಗಿನದನ್ನು ತರಬೇಕಿಲ್ಲ, ಗೋಕರ್ಣದ ವೈದಿಕರಿಗೂ ಪಂಚಾಂಗದವರಿಗೂ ತಿಳಿದಿದ್ದ, ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಇದೆ. ಕ ವರ್ಗದಿಂದ ಕ 1, ಖ 2, ಗ 3 ಹೀಗೆ ಝ 9, ಞ 0. ಟ 1ರಿಂದ ಧ 9, ನ 0. ಪ 1ರಿಂದ ಮ 5. ಯ 1, ರ 2, ಲ 3, ವ 4, ಶ 5, ಷ 6, ಸ 7, ಹ 8. ಬರಿಯ ಸ್ವರಕ್ಕೆ 0. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವಷ್ಟೇ ಲೆಕ್ಕ. ಬಂದ ಅಂಕಿಗಳನ್ನು ಹಿಂದುಮುಂದಾಗಿ ಓದಬೇಕು.

ಅವಳ ಕಾಗದದ ಎರಡನೇ ಸಾಲಿನ ಮೊದಲ ಎರಡು ಪದ ತಾರೀಖು ಮತ್ತು ಗಂಟೆ ಎಂದು ಒಪ್ಪಂದ ಎಂದಿಟ್ಟುಕೊಳ್ಳಿ. "ಗೌರಿ ಪಾಪ, ಎರಡು ದಿನದಿಂದ ಊಟ ಬಿಟ್ಟಿದ್ದಾಳೆ." ಗ 3, ರ 2, ತಿರುಗಿಸಿದರೆ 23. ಪ 1, ಪ 1, ಅಂದರೆ 11. ಇಪ್ಪತ್ತಮೂರನೇ ತಾರೀಖು, ಹನ್ನೊಂದು ಗಂಟೆ. ಯುದ್ಧಕಾಲದಲ್ಲಿ ಕಾಗದ ತೆರೆದು ಓದುವ ಸೆನ್ಸಾರಿನವನಿಗೆ ಅದು ಬರಿಯ ಮನೆವಾರ್ತೆ.

ಸಂಕೇತ ಹೇಗೆ ಕೈಕೊಡುತ್ತದೆ ಎಂಬುದರಲ್ಲಿ ಕಥೆಯ ಜೀವವಿದೆ. ಗೌರಿಯನ್ನು ತಿರುಗಿಸದೆ ಓದಿದರೆ 32. ಅಂಥ ತಾರೀಖಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. "ಕೆರೆ" ಎಂದು ಬರೆದಿದ್ದರೆ ಸರಿಯಾದದ್ದು 21, ತಪ್ಪಿದರೆ 12. ಎರಡೂ ತಾರೀಖೇ, ತಪ್ಪು ಗೊತ್ತಾಗುವುದಿಲ್ಲ. ಇನ್ನೂ ಸೂಕ್ಷ್ಮವಾದದ್ದು ಅಲ್ಪಪ್ರಾಣ ಮಹಾಪ್ರಾಣದ್ದು. "ಧನ" ಎಂದರೆ 09, "ದನ" ಎಂದರೆ 08. ಕಾಗದವನ್ನು ನಕಲು ಮಾಡಿದ ಅರೆಬರೆ ಅಕ್ಷರ ಬಲ್ಲ ತಾಂಡೇಲ ಧಕಾರದ ಹೊಟ್ಟೆ ಸೀಳುವುದನ್ನು ಮರೆತರೆ ದೋಣಿ ಒಂದು ದಿನ ಮೊದಲೇ ಹೋಗುತ್ತದೆ, ಬಂದರಿನಲ್ಲಿ ಇನ್ನೂ ಏನೂ ಆಗಿರುವುದಿಲ್ಲ, ಇವರ ಮಚವೆಯೊಂದೇ ಕಾವಲುಗಾರರ ಕಣ್ಣಿಗೆ ಬೀಳುತ್ತದೆ. ಒಂದು ಗೆರೆಯ ತಪ್ಪು ಮಾರ್ಚ್ 9ರ ಕಥೆಗೆ ಇಷ್ಟು ಮಾಡಬಲ್ಲದು.

ಕಾಣದ ಶಾಯಿಗೆ ಅಕ್ಕಿಯ ತಿಳಿಗಂಜಿ ಸಾಕು. ಬಟ್ಟೆಯಲ್ಲಿ ಸೋಸಿ, ನೀರಿನಷ್ಟೇ ತೆಳುವಾಗಿಸಿ, ಮಾಮೂಲಿ ಕಾಗದದ ಸಾಲುಗಳ ನಡುವೆ ಬರೆದು ನೆರಳಲ್ಲಿ ಒಣಗಿಸಬೇಕು. ಓದುವವರು ಟಿಂಕ್ಚರ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹತ್ತಿಯಿಂದ ಸವರಿದರೆ ಅಕ್ಷರ ನೀಲಿಯಾಗಿ ಏಳುತ್ತದೆ. ಕೆಲವು ಕಾಗದಗಳಿಗೆ ಕಾರ್ಖಾನೆಯಲ್ಲೇ ಗಂಜಿ ಹಾಕಿರುತ್ತಾರೆ. ಅಂಥದ್ದು ಪೂರ್ತಿ ನೀಲಿಯಾಗಿ ಅಕ್ಷರ ಮಾಯವಾಗುತ್ತದೆ. ಅದಕ್ಕೆ ಮೂಲೆಯಲ್ಲಿ ಒಂದು ತೊಟ್ಟು ಹಾಕಿ ಪರೀಕ್ಷಿಸುವವಳು ನುರಿತವಳು. ಲಿಂಬೆರಸವನ್ನು ಲಾಟೀನಿನ ಗಾಜಿಗೆ ಹಿಡಿದರೆ ಕಂದಾಗುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಸೆನ್ಸಾರಿನವರಿಗಂತೂ ಮೊದಲೇ ಗೊತ್ತು. ಮುಳ್ಳಿನಂಥ ನಿಬ್ಬು ಕಾಗದದ ಎಳೆ ಎಬ್ಬಿಸಿದರೆ ಓರೆ ಬೆಳಕಿನಲ್ಲೇ ಗುಟ್ಟು ರಟ್ಟು.

ಗುರುತಿನ ಚಿಹ್ನೆಗೆ ಅಗಸರು ಬಟ್ಟೆಗೆ ಹಾಕುವ ಕೇರುಬೀಜದ ಗುರುತನ್ನು ಬಳಸಿ. ಸುಣ್ಣ ತಾಗಿದರೆ ಅದು ಕಪ್ಪಾಗಿ ಕೂರುತ್ತದೆ, ಒಗೆದರೂ ಹೋಗದು. ಅಭ್ಯಾಸವಿಲ್ಲದವರ ಬೆರಳಿಗೆ ಅದರ ರಸ ತಾಗಿದರೆ ಬೊಕ್ಕೆ ಏಳುತ್ತದೆ. ಆ ಬೊಕ್ಕೆಯನ್ನು ಫೌಜದಾರ ನೋಡಲಿ.

ಹಂತ 6: ರೇಡಿಯೊ

ರೇಡಿಯೊವನ್ನು ಚುಟುಕಾಗಿ ಇಡಿ, ತೂಕದಿಂದ ಇಡಿ. ಬ್ರಿಟಿಷ್ ಬೇಹುಗಾರರ ಸೂಟ್‌ಕೇಸ್ ಸೆಟ್ಟು ಹದಿನಾಲ್ಕೈದು ಕಿಲೋ ಇರುತ್ತಿತ್ತು; ಬ್ಯಾಟರಿ ಬೇರೆ. ಹತ್ತಿಪ್ಪತ್ತು ಮೀಟರ್ ಏರಿಯಲ್ ತಂತಿಯನ್ನು ಅಡಿಕೆ ಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗದಂತೆ ಕಟ್ಟಬಹುದು. ಐದಕ್ಷರದ 100 ಗುಂಪುಗಳ ಸಂದೇಶವನ್ನು ನಿಮಿಷಕ್ಕೆ 15 ಗುಂಪಿನಂತೆ ಕಳಿಸಿದರೆ ಸುಮಾರು 7 ನಿಮಿಷ. ದಿಕ್ಕು ಪತ್ತೆಹಚ್ಚುವ ಯಂತ್ರಗಳಿಗೆ ಅವಕಾಶ ಕೊಡದಿರಲು ಕಥೆಯಲ್ಲಿ ಸಂದೇಶಗಳು ಅದಕ್ಕಿಂತ ಚಿಕ್ಕವಿರಲಿ.

ಸಿಕ್ಕಿಬೀಳಿಸುವುದು ಸಾಮಾನ್ಯವಾಗಿ ಬ್ಯಾಟರಿ. ಚಾರ್ಜ್ ಮಾಡಿಸಲು ಬಸ್ ಮಾಲೀಕನ ಬಳಿಯೋ ಎಂಜಿನ್ ಇರುವ ಗಿರಣಿಗೋ ಹೋಗಲೇಬೇಕು. ಆಸಿಡ್ ತಾಗಿದ ಪಂಚೆ ಅಂದು ಚೆನ್ನಾಗಿಯೇ ಕಾಣುತ್ತದೆ, ಒಗೆದಾಗ ತೂತು ಬೀಳುತ್ತದೆ. ಸೊಂಟದ ಹತ್ತಿರ, ಬ್ಯಾಟರಿಯನ್ನು ಆತುಕೊಂಡಲ್ಲಿ, ಹುರಳಿಕಾಳಿನಷ್ಟು ದೊಡ್ಡ ನಾಲ್ಕೈದು ತೂತು. ಅದನ್ನು ಮೊದಲು ಕಾಣುವವಳು ಬಟ್ಟೆ ಹರವುವ ತಾಯಿ. ರೇಡಿಯೊ ಕೇಳುವ ಪೆಟ್ಟಿಗೆಗೂ ಆಗ ಲೈಸೆನ್ಸ್ ಬೇಕಿತ್ತು ಎಂಬುದನ್ನು ಮರೆಯಬೇಡಿ.

ಹಂತ 7: ಮಾತು, ಸಂಬೋಧನೆ, ಹುದ್ದೆ

ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ತಾಲೂಕಿಗೆ ಮಾಮಲೇದಾರ, ಠಾಣೆಗೆ ಫೌಜದಾರ. ಮೈಸೂರಿನ ಅಮಲ್ದಾರರನ್ನು ಇಲ್ಲಿಗೆ ತರಬೇಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತೂತಿನ ಕಾಸು ಬಂದದ್ದು 1943ರಲ್ಲಿ. ಗೋವೆಯ ರುಪಿಯಾಕ್ಕೆ 16 ಟಾಂಗಾ. ಪ್ಲಾಸ್ಟಿಕ್ ಇಲ್ಲ, ಕಾಗದ ನೆನೆಯದಂತೆ ಮೇಣಬಟ್ಟೆ.

ಶಿರಸಿಯ ಹವ್ಯಕರ ಮನೆಯಲ್ಲಿ ತಾಯಿ "ಆಯಿ", ತಂದೆ "ಅಪ್ಪಯ್ಯ", ಹುಡುಗ "ಮಾಣಿ", ಹುಡುಗಿ "ಕೂಸು". "ಆಯಿ ಕೇಳಿದ್ರೆ ಎಂತ ಹೇಳವು?" ಎಂಬ ಒಂದು ಮಾತು ಅವನ ಭಯ, ಅವನ ಮನೆ ಎರಡನ್ನೂ ತರುತ್ತದೆ. ಆದರೆ ಈ ನುಡಿ ಅವನು ಮನೆಯವರೊಂದಿಗೆ ಇರುವಾಗ, ಇಲ್ಲವೇ ಗಾಬರಿಯಲ್ಲಿ ಮಾತ್ರ ಬರಲಿ. ಅವಳೊಂದಿಗೆ ಅವನದು ಶಾಲೆಯ ಕನ್ನಡ, ಅವಳದ್ದೂ ಅದೇ, ಇಬ್ಬರೂ "ನೀವು". ಹತ್ತು ಭೇಟಿಯವರೆಗೆ "ನೀವು" ಉಳಿಸಿ. "ನೀನು" ಒಮ್ಮೆ, ಒಂದೇ ಕಡೆ, ಜಗಳದ ನಡುವೆ ಬಾಯ್ತಪ್ಪಿ ಬರಲಿ. ಪ್ರೀತಿಸುತ್ತೇನೆ ಎಂಬ ಘೋಷಣೆ ಆ ಕಾಲದ ಆ ಇಬ್ಬರ ಬಾಯಲ್ಲಿ ಕೂರುವುದಿಲ್ಲ. ಊಟವಾಯಿತೇ ಎಂದು ಕೇಳುವುದು, ತಾರಿ ತಪ್ಪೀತು ಎಂದು ಅವಸರಪಡಿಸುವುದು, ಇಂಥದ್ದರಲ್ಲೇ ಎಲ್ಲ ಹೇಳಬೇಕು.

ಗೋವೆಯಿಂದ ಬರುವ ಕೊಂಕಣಿ ಕಾಗದ ರೋಮನ್ ಲಿಪಿಯಲ್ಲಿರಬಹುದು. ಸೆನ್ಸಾರಿಗೆ ಅದನ್ನು ಓದುವ ಕೊಂಕಣಿಗ ಬೇಕು. ಆ ಓದುಗಾರ ಊರಿನವನೇ ಆಗಿದ್ದರೆ, ಅವಳನ್ನು ಬಲ್ಲವನಾಗಿದ್ದರೆ, ನಿಮಗೊಬ್ಬ ಒಳ್ಳೆಯ ನಾಲ್ಕನೇ ಪಾತ್ರ ಸಿಕ್ಕ.

ಹಂತ 8: ಬರೆಯುವ ಕ್ರಮ, ತಿದ್ದುವ ಕ್ರಮ

ಎಪ್ಪತ್ತು ಸಾವಿರ ಪದಗಳ ಕಾದಂಬರಿಗೆ ಇಪ್ಪತ್ತೆಂಟು ಅಧ್ಯಾಯ, ಒಂದಕ್ಕೆ ಎರಡೂವರೆ ಸಾವಿರ ಪದ. ಮೊದಲು ಹನ್ನೆರಡನೇ ಭೇಟಿಯನ್ನು, ಅಂದರೆ ಕೊನೆಯದನ್ನು, ಬರೆದಿಡಿ. ಯಾರು ಯಾರಿಗೆ ಏನನ್ನು ಮುಚ್ಚಿಟ್ಟರು ಎಂಬುದು ಅಲ್ಲಿ ನಿಶ್ಚಯವಾದರೆ ಹಿಂದಿನ ಸುಳಿವುಗಳನ್ನು ಎಲ್ಲಿ ನೆಡಬೇಕೆಂದು ತಾನೇ ತಿಳಿಯುತ್ತದೆ. ಪ್ರತಿ ಮುಖ್ಯ ಸುಳಿವು ಬಯಲಾಗುವ ಮುನ್ನ ಎರಡು ಬಾರಿ ಕಣ್ಣಿಗೆ ಬಿದ್ದಿರಬೇಕು: ಒಮ್ಮೆ ಮನೆಯ ಸಾಮಾನಾಗಿ, ಒಮ್ಮೆ ಏನೋ ಸರಿಯಿಲ್ಲ ಎಂಬಂತೆ. ಪಂಚೆಯ ತೂತು, ಬೆರಳಿನ ಬೊಕ್ಕೆ, ಕಾಗದದ ದನ, ಎಲ್ಲಕ್ಕೂ ಇದೇ ಲೆಕ್ಕ. ದಾಳಿಯ ರಾತ್ರಿಯನ್ನು ಹಡಗಿನ ಮೇಲಿಂದ ಬರೆಯಬೇಡಿ. ಕಾಣಕೋಣದ ಅಕ್ಕನ ಮನೆಗೆ ಬೆಳಿಗ್ಗೆ ಬಂದ ಮಾತಿನಿಂದ ಬರೆಯಿರಿ. ನಿಮ್ಮ ಪಾತ್ರಗಳು ಇದ್ದದ್ದು ಅಲ್ಲಿ.

ಕರಡು ಮುಗಿದ ಮೇಲೆ ಮೂರು ಸುತ್ತು ತಿದ್ದುಪಡಿ. ಒಂದನೇ ಸುತ್ತಿನಲ್ಲಿ ಹಂತ 2ರ ಪಟ್ಟಿ ಕೈಯಲ್ಲಿ ಹಿಡಿದು ಗಂಟೆ, ತಿಥಿ, ಭರತಿ ಮಾತ್ರ ನೋಡಿ. ಎರಡನೆಯದರಲ್ಲಿ ಪ್ರತಿ ಪಾತ್ರದ ಮಾತನ್ನು ಬೇರೆಬೇರೆಯಾಗಿ ಗಟ್ಟಿಯಾಗಿ ಓದಿ; ಹೆಸರು ತೆಗೆದರೂ ಯಾರ ಮಾತೆಂದು ತಿಳಿಯಬೇಕು. ಮೂರನೆಯದಕ್ಕೆ ಕೈಬರಹವನ್ನು ಇಬ್ಬರಿಗೆ ಕೊಡಿ: ದೋಣಿ ನಡೆಸಿದ ಒಬ್ಬರಿಗೆ ಸಮುದ್ರದ ಭಾಗ, ಶಿರಸಿ ಸೀಮೆಯ ಹಿರಿಯ ಹೆಂಗಸೊಬ್ಬರಿಗೆ ಮನೆಯೊಳಗಿನ ಭಾಗ. ಇಬ್ಬರೂ ಗುರುತು ಹಾಕಿದ ಕಡೆ ವಾದಕ್ಕೆ ನಿಲ್ಲದೆ ತಿದ್ದಿ, ತಿದ್ದಿದ್ದರಿಂದ ಬದಲಾದ ತಾರೀಖುಗಳನ್ನು ಪಟ್ಟಿಯಲ್ಲೂ ಬದಲಿಸಿ.